ಕೊಣಾಜೆಯ ಗುಡ್ಡೆಯಲ್ಲಿ ಮಾತಿನ ಪಾಠ

ಮಂಗಳೂರು ವಿಶ್ವವಿದ್ಯಾನಿಲಯದ ವಿಭಾಗಗಳ ಪಟ್ಟಿಯಲ್ಲಿ ಮಾತಿನ ಅಧ್ಯಯನಕ್ಕೆಂದೇ ಒಂದು ವಿಭಾಗವನ್ನು ಹುಡುಕಿದರೆ ಸಿಗುವುದಿಲ್ಲ. ಆದರೂ ರಾತ್ರಿಯಿಡೀ ತಾಳಮದ್ದಳೆಯ ಒಬ್ಬ ಅರ್ಥಧಾರಿಯ ಮಾತಿಗೆ ಊರು ಹೇಗೆ ಕಿವಿಗೊಟ್ಟು ಕೂರುತ್ತದೆ, ನೇಜಿ ನೆಡುವ ಹೆಂಗಸರ ಬಾಯಲ್ಲಿ ಒಂದು ಕತೆ ಹೇಗೆ ಉದ್ದವಾಗುತ್ತದೆ, ಕೋಲದ ಅಂಗಳದಲ್ಲಿ ಭೂತ ಕೊಡುವ ನುಡಿಗೆ ಆ ತೂಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳನ್ನು ಹಿಡಿದು ಇಲ್ಲಿ ಅರ್ಧ ಶತಮಾನದಿಂದ ಎಂ.ಎ., ಪಿಎಚ್.ಡಿ. ಮಟ್ಟದ ಕೆಲಸ ನಡೆದಿದೆ. ನಡೆದದ್ದು ಕನ್ನಡ ವಿಭಾಗದ ಸೂರಿನಡಿ. ಹೀಗಾಗಿ ಆ ಚರಿತ್ರೆಯನ್ನು ಯಾರೂ ಮಾತಿನ ಅಧ್ಯಯನದ ಚರಿತ್ರೆಯೆಂದು ಬರೆದಿಲ್ಲ. ಜಾನಪದ ಎಂಬ ದೊಡ್ಡ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ್ದಾರೆ. ಮಂಗಳೂರಿನ ಬಿಜೈಯ ಈ ಸ್ಮರಣ ಸಂಚಿಕೆಯ ನೆಪದಲ್ಲಿ ಆ ಬಾಗಿಲನ್ನು ಸ್ವಲ್ಪ ತೆರೆದು ನೋಡಬಹುದು.

ಅಮೆರಿಕದಲ್ಲಿ ಇದೇ ಕೆಲಸ ಜಗಳದಿಂದ ಶುರುವಾಯಿತು. 1914ರ ನವೆಂಬರಿನಲ್ಲಿ ಶಿಕಾಗೋದಲ್ಲಿ ಸೇರಿದ ಹದಿನೇಳು ಮಂದಿ ಅಧ್ಯಾಪಕರು, ಸಾರ್ವಜನಿಕ ಭಾಷಣವನ್ನು ಕಲಿಸುವ ತಮ್ಮನ್ನು ಇಂಗ್ಲಿಷ್ ವಿಭಾಗಗಳು ಮೂಲೆಗೆ ತಳ್ಳಿವೆ ಎಂದು ಸಿಟ್ಟಾಗಿ ಬೇರೆಯೇ ಸಂಘ ಕಟ್ಟಿಕೊಂಡರು. ಮರುವರ್ಷವೇ ಅವರದೊಂದು ಪತ್ರಿಕೆ ಬಂತು. ಮುಂದಿನ ದಶಕದಲ್ಲಿ ವಿಸ್ಕಾನ್ಸಿನ್, ಅಯೋವಾಗಳಂಥ ಕಡೆ ಮಾತಿನ ವಿಭಾಗಗಳು ಡಾಕ್ಟರೇಟ್ ಕೊಡತೊಡಗಿದವು. ಆ ವಿಭಾಗಗಳಲ್ಲಿ ಎಲ್ಲವೂ ಒಟ್ಟಿಗಿದ್ದವು: ವಾಗ್ಮಿತೆ, ಚರ್ಚೆ, ನಾಟಕ, ಧ್ವನಿವಿಜ್ಞಾನ, ಉಗ್ಗು ಬಿಡಿಸುವ ಚಿಕಿತ್ಸೆ. ಆಮೇಲೆ ಅವು ಒಂದೊಂದಾಗಿ ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದವು.

ನಮ್ಮಲ್ಲಿ ಪಾಲು ಮೊದಲೇ ಆಗಿಹೋಗಿತ್ತು. ಅರುವತ್ತರ ದಶಕದ ನಡುವಿನಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಮಾತು ಬಾರದ, ಕಿವಿ ಕೇಳದ ಮಕ್ಕಳ ಚಿಕಿತ್ಸೆ ಮತ್ತು ಆ ಚಿಕಿತ್ಸಕರ ತರಬೇತಿ ಅದರ ಕೆಲಸ. ಪದವಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯ. ಅದಾದ ಕೆಲವೇ ವರ್ಷಕ್ಕೆ, 1968ರಲ್ಲಿ, ಅದೇ ವಿಶ್ವವಿದ್ಯಾನಿಲಯ ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಒಂದೇ ವಿಶ್ವವಿದ್ಯಾನಿಲಯದ ಎರಡು ಕೂಸುಗಳು: ಒಂದು ಗಂಟಲು, ನಾಲಿಗೆ, ಕಿವಿಗಳ ಮೂಲಕ ಮಾತನ್ನು ನೋಡಿತು, ಇನ್ನೊಂದು ತಾಳಮದ್ದಳೆಯ ಕೂಟ, ಗದ್ದೆ, ಕೋಲಗಳ ಮೂಲಕ. ಅವೆರಡರ ನಡುವೆ ವಿದ್ಯಾರ್ಥಿಗಳ ಹೋಗಿಬರುವಿಕೆ ಇದ್ದಿದ್ದರೆ ಚೆನ್ನಿತ್ತು ಎಂದು ನನಗೆ ಅನಿಸುವುದುಂಟು. ಈ ಕಡೆಯ ತಂದೆತಾಯಿ ಮಗುವಿನ ಶ್ರವಣ ಪರೀಕ್ಷೆಗೆಂದು ಮೈಸೂರಿನ ರಾತ್ರಿ ಬಸ್ಸು ಹತ್ತುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಈಗ ನಗರದಲ್ಲೇ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಫಾದರ್ ಮುಲ್ಲರ್ ಸಂಸ್ಥೆಗಳಲ್ಲಿ ಆ ವಿದ್ಯೆಯ ಸ್ನಾತಕೋತ್ತರ ತರಗತಿಗಳಿವೆ. ಆ ಕತೆಯನ್ನು ಬಲ್ಲವರು ಬೇರೆ ಬರೆಯಲಿ. ನಾನು ಸ್ನಾತಕೋತ್ತರ ಕೇಂದ್ರ ನೆಲೆಸಿದ ಕೊಣಾಜೆಯ ದಾರಿ ಹಿಡಿಯುತ್ತೇನೆ.

ನಗರದಿಂದ ಸುಮಾರು 20 ಕಿಲೋಮೀಟರ್ ದೂರದ ಆ ಮುರಕಲ್ಲಿನ ಗುಡ್ಡೆಗೆ ಮಂಗಳಗಂಗೋತ್ರಿ ಎಂಬ ಹೆಸರು ಬಂತು. ಕೇಂದ್ರದ ಹೊಣೆಯನ್ನೂ ಕನ್ನಡ ವಿಭಾಗವನ್ನೂ ಹೊತ್ತು ಬಂದವರು ಎಸ್.ವಿ. ಪರಮೇಶ್ವರ ಭಟ್ಟರು. ಘಟ್ಟದ ಮೇಲಿನ ಮಾಳೂರಿನವರು, ಕಾಳಿದಾಸನನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದವರು, ಸಂಸ್ಕೃತದಲ್ಲಿ ಮಿಂದ ಪಂಡಿತರು. ಲೆಕ್ಕದ ಪ್ರಕಾರ ಅವರ ವಿಭಾಗ ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆಗಳ ಹದವಾದ ವಿಭಾಗವಾಗಬೇಕಿತ್ತು. ಅದೂ ಆಯಿತೆನ್ನಿ. ಆದರೆ ಎಸ್ವಿಪಿ ಕೋಣೆಯಲ್ಲಿ ಕೂತು ಆಡಳಿತ ಮಾಡುವ ಜಾತಿಯವರಲ್ಲ. ಊರೂರಿನ ಸಭೆಗಳಿಗೆ ಹೋಗಿ ಮಾತಾಡಿದವರು, ಜಿಲ್ಲೆಯ ಉದ್ದಕ್ಕೂ ಕನ್ನಡದ ಕಿವಿಗಳನ್ನು ಬೆಳೆಸಿದವರು. ಅವರ ಹೆಸರನ್ನು ವಿಭಾಗಕ್ಕೇ ಇಟ್ಟು, ಅದನ್ನು ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆ ಎಂದು ಕರೆದದ್ದು ಒಪ್ಪುವ ಮಾತೇ.

ವಿಭಾಗವನ್ನು ಮಾತಿನ ಕಡೆಗೆ ತಿರುಗಿಸಿದ್ದಕ್ಕೆ ಅವರೊಬ್ಬರ ಒಲವು ಸಾಲದು. ನಿಜವಾದ ಕಾರಣ ಜಾಗ. ಕೊಣಾಜೆಗೆ ಕನ್ನಡ ಎಂ.ಎ. ಓದಲು ಬಂದ ಹುಡುಗ ಹುಡುಗಿಯರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಎಷ್ಟು ಮಂದಿ? ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಮಲಯಾಳ, ಅರೆಭಾಷೆ. ಕನ್ನಡ ಶಾಲೆಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಸಿಕ್ಕಿದ ಭಾಷೆ. ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಈ ಮಾತಿನ ಪದರುಗಳೆಲ್ಲ ಇವತ್ತಿಗೂ ಕಿವಿಗೆ ಬೀಳುತ್ತವೆ. ತುಳುವಿಗಂತೂ ಹಳೆಯ ಗ್ರಂಥಗಳೇ ಇಲ್ಲವೆಂದು 1968ರಲ್ಲಿ ಹೆಚ್ಚಿನವರು ನಂಬಿದ್ದರು. ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಗಳಿಂದ ತುಳು ಭಾಗವತವನ್ನೂ ಮಹಾಭಾರತವನ್ನೂ ಹೊರತೆಗೆದದ್ದು ಆಮೇಲಿನ ಮಾತು. ಹಾಗಾಗಿ ತನ್ನ ಮನೆಭಾಷೆಯ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಹೊರಟ ವಿದ್ಯಾರ್ಥಿಗೆ ಗ್ರಂಥಾಲಯದಲ್ಲಿ ಹೆಚ್ಚೇನೂ ಇರಲಿಲ್ಲ. ಜನರ ಬಾಯಿಗೇ ಹೋಗಬೇಕಿತ್ತು.

ಹಾಗೆ ಹೋಗುವುದನ್ನು ಮೊದಲು ತೋರಿಸಿದವರು ಬಾಸೆಲ್ ಮಿಶನ್ನಿನವರು ಎಂಬುದನ್ನು ಮರೆಯಬಾರದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದ. ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ಅದೇ ವರ್ಷ ಪಾಡ್ದನಗಳೆಂಬ ತುಳು ಕಥನಗೀತೆಗಳ ಸಂಗ್ರಹವನ್ನೂ ಅಚ್ಚು ಹಾಕಿಸಿದ. ಭೂತಾರಾಧನೆಯನ್ನು ಅಳಿಸಬೇಕೆಂದು ಬಂದವರೇ ಭೂತದ ಹಾಡುಗಳನ್ನು ಅಳಿಯದಂತೆ ಉಳಿಸಿದರು. ಆದರೆ ಅವರಿಗೆ ಬೇಕಿದ್ದದ್ದು ಪದ ಮತ್ತು ಕತೆ. ಹಾಡಿದವರು ಯಾರು, ಯಾರ ಮುಂದೆ ಹಾಡಿದರು, ಎಲ್ಲಿ ನಿಲ್ಲಿಸಿ ಎಲ್ಲಿ ಎತ್ತಿಕೊಂಡರು ಎಂಬುದು ಆ ಪುಟಗಳಲ್ಲಿ ಸಿಗದು.

ಮಂಗಳಗಂಗೋತ್ರಿಯ ಮೊದಲ ತಂಡದ ಕನ್ನಡ ಎಂ.ಎ. ವಿದ್ಯಾರ್ಥಿಗಳಲ್ಲಿ ಒಬ್ಬರು ಬಿ.ಎ. ವಿವೇಕ ರೈ. ಪುತ್ತೂರು ಸೀಮೆಯವರು, ವಿಜ್ಞಾನದ ಪದವಿ ಮುಗಿಸಿ ಬಂದವರು. ಅಲ್ಲೇ ಅಧ್ಯಾಪಕರಾಗಿ ನಿಂತು ತುಳು ಜನಪದ ಸಾಹಿತ್ಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. 1985ರಲ್ಲಿ ಅದು ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪುಸ್ತಕವಾಗಿ ಬಂತು. ಪಾಡ್ದನ, ಕಬಿತೆ, ಗಾದೆ, ಒಗಟು ಎಲ್ಲಕ್ಕೂ ಅಲ್ಲಿ ಒಂದು ಚೌಕಟ್ಟು ದೊರೆಯಿತು. ಈ ಪುಸ್ತಕವನ್ನು ಇವತ್ತು ಓದುವವರಿಗೆ ವರ್ಗೀಕರಣ ಸ್ವಲ್ಪ ಹೆಚ್ಚಾಯಿತು ಎನಿಸಬಹುದು. ಆ ಕಾಲದಲ್ಲಿ ವರ್ಗೀಕರಣವಿಲ್ಲದೆ ವಿಶ್ವವಿದ್ಯಾನಿಲಯ ಬಾಗಿಲು ತೆಗೆಯುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಅಷ್ಟರಲ್ಲಿ ಕೇಂದ್ರ ಸ್ವತಂತ್ರವಾಗಿತ್ತು. 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು, ಇತಿಹಾಸಕಾರ ಬಿ. ಶೇಖ್ ಅಲಿ ಮೊದಲ ಕುಲಪತಿ. ಮೈಸೂರಿನ ಅಪ್ಪಣೆಗೆ ಕಾಯಬೇಕಿಲ್ಲವೆಂದಾದ ಮೇಲೆ ಪಿಎಚ್.ಡಿ. ವಿಷಯಗಳು ಧೈರ್ಯವಾಗಿ ಊರಿನ ಕಡೆಗೆ ಹೊರಳಿದವು. ಕೆ. ಚಿನ್ನಪ್ಪ ಗೌಡರು ಭೂತಾರಾಧನೆಯನ್ನು ಜಾನಪದ ಅಧ್ಯಯನದ ಶಿಸ್ತಿನಲ್ಲಿ ನೋಡಿದರು. ಕೋಲದಲ್ಲಿ ಕುಣಿತ, ಬಣ್ಣ, ಅಣಿ ಎಲ್ಲ ಕಣ್ಣಿಗೆ ಹೊಡೆಯುತ್ತವೆ. ಊರವರು ಕಾಯುವುದು ಮಾತ್ರ ನುಡಿಗೆ. ಪಾಡ್ದನದಲ್ಲಿ ಭೂತ ತನ್ನ ಹುಟ್ಟನ್ನು ಹೇಳಿಸಿಕೊಳ್ಳುತ್ತದೆ, ಮದಿಪಿನಲ್ಲಿ ಗುತ್ತಿನವರೊಡನೆ ಸಂಬಂಧ ಕಟ್ಟುತ್ತದೆ, ಆಮೇಲೆ ಜಾಗದ ತಕರಾರಿನಿಂದ ಹಿಡಿದು ಹಸುವಿನ ಕಾಯಿಲೆಯವರೆಗೆ ಅಭಯವೋ ಗದರಿಕೆಯೋ ಹೊರಡುತ್ತದೆ. ನಿತ್ಯದ ಬದುಕಿನಲ್ಲಿ ಗುತ್ತಿನ ಯಜಮಾನನ ಎದುರು ತಲೆಯೆತ್ತಿ ಮಾತಾಡಲಾಗದ ಸಮುದಾಯದ ಮನುಷ್ಯ ಆ ಹೊತ್ತಿನಲ್ಲಿ ಅದೇ ಯಜಮಾನನನ್ನು ಹೆಸರು ಹಿಡಿದು ಕರೆಯುತ್ತಾನೆ. ಯಾರು, ಯಾವಾಗ, ಯಾವ ವೇಷದಲ್ಲಿ ಮಾತಾಡಿದರೆ ಮಾತಿಗೆ ಅಧಿಕಾರ ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಶಿಕಾಗೋದಲ್ಲೂ ಇದ್ದಿರಲಾರದು.

ಉಡುಪಿಯನ್ನು ಬಿಟ್ಟು ಈ ಚರಿತ್ರೆ ಹೇಳಲಾಗದು. ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಹುರಿದುಂಬಿಸಿದ ಎರಡು ಕೆಲಸಗಳು ಕೊಣಾಜೆಯ ಸಂಶೋಧಕರಿಗೆ ಬೆನ್ನೆಲುಬಾದವು. ಒಂದು, ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು: ಯು.ಪಿ. ಉಪಾಧ್ಯಾಯರೂ ಸುಶೀಲಾ ಉಪಾಧ್ಯಾಯರೂ ಸಂಗಡಿಗರೂ ಆಡುಮಾತಿನಿಂದ ಕೂಡಿಸಿದ ಆರು ಸಂಪುಟಗಳು, 1988ರಿಂದ 1997ರವರೆಗೆ. ಇನ್ನೊಂದು, ಜಾನಪದ ರಂಗಕಲೆಗಳ ಸಂಪನ್ಮೂಲ ಕೇಂದ್ರ. ಧ್ವನಿಮುದ್ರಣ, ಛಾಯಾಚಿತ್ರ, ವೀಡಿಯೊ ಇಲ್ಲದೆ ಕ್ಷೇತ್ರಕಾರ್ಯವಿಲ್ಲ ಎಂಬ ತಿಳುವಳಿಕೆ ಕರಾವಳಿಯಲ್ಲಿ ನೆಲೆಯೂರಿದ್ದು ಈ ಕೇಂದ್ರದಿಂದ.

ಫಿನ್ಲೆಂಡಿನ ತುರ್ಕುವಿನಿಂದ ಬಂದ ಜಾನಪದ ವಿದ್ವಾಂಸ ಲೌರಿ ಹಾಂಕೊ ಈ ನೆಲದ ಜತೆ ಸೇರಿಕೊಂಡದ್ದೂ ಇದೇ ನಂಟಿನಿಂದ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ತುಳು ಪಾಡ್ದನದ ನಾಯಕಿ ಸಿರಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ದಿನಗಟ್ಟಲೆ ಹಾಡಿದರು. ಹಾಂಕೊ, ಅವರ ಪತ್ನಿ ಅನೆಲಿ, ವಿವೇಕ ರೈ, ಚಿನ್ನಪ್ಪ ಗೌಡ ಎದುರು ಕೂತು ಮುದ್ರಿಸಿಕೊಂಡರು. ಆಮೇಲೆ ಬರಹಕ್ಕಿಳಿಸುವ, ಅನುವಾದಿಸುವ ವರ್ಷಗಳು. 1998ರಲ್ಲಿ ಹೆಲ್ಸಿಂಕಿಯಿಂದ ಮೂರು ಸಂಪುಟ ಬಂದವು: ಎರಡರಲ್ಲಿ ಕಾವ್ಯ, ಒಂದರಲ್ಲಿ ಅದನ್ನು ಪಠ್ಯವಾಗಿಸಿದ ಬಗೆಯ ಚರ್ಚೆ. ಕಾವ್ಯದ ಉದ್ದ 15,683 ಸಾಲು. ಇಲಿಯಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ.

ಈ ಸಂಖ್ಯೆಯನ್ನು ನಮ್ಮವರು ಸಭೆಗಳಲ್ಲಿ ಹೆಮ್ಮೆಯಿಂದ ಉದ್ಧರಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಸಂಪುಟಗಳೊಳಗಿನ ಒಂದು ವಿಚಾರ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಹಾಡುಗಾರರನ್ನು ಮುದ್ರಿಸಿಕೊಂಡು, ಸಿದ್ಧ ಪದಗುಚ್ಛಗಳ ನೆರವಿನಿಂದ ಅವರು ಹಾಡುಹಾಡುತ್ತಲೇ ಕಾವ್ಯ ಕಟ್ಟುತ್ತಾರೆಂದು ತೋರಿಸಿದ್ದ. ಹಾಂಕೊ ಅದಕ್ಕೆ ಇನ್ನೊಂದನ್ನು ಸೇರಿಸಿದರು: ಹಾಡುಗಾರನ ಮನಸ್ಸಿನಲ್ಲಿ ಮೊದಲೇ ಒಂದು ಪಠ್ಯವಿದೆ, ಅದು ಬರೆದ ಪಠ್ಯದಂತೆ ಗಟ್ಟಿಯಾಗಿಲ್ಲ, ಸಂದರ್ಭ ನೋಡಿ ಹಿಗ್ಗುತ್ತದೆ, ಕುಗ್ಗುತ್ತದೆ. ಸಿರಿಜಾತ್ರೆಯ ರಾತ್ರಿ ಆವೇಶಕ್ಕೆ ಬಂದ ಹೆಂಗಸರೊಡನೆ ಗೋಪಾಲ ನಾಯ್ಕರು ಸಂವಾದ ನಡೆಸುವಾಗ ಬರುವ ಸಿರಿಯ ಕತೆ ಬೇರೆ, ಮೈಕಿನ ಎದುರು ಪೂರ್ತಿ ಹಾಡಿದ ಕತೆ ಬೇರೆ, ಎರಡೂ ಅವರದೇ. ಬೇಸಾಯಗಾರನೊಬ್ಬನ ನೆನಪನ್ನು ಇಷ್ಟು ಗೌರವದಿಂದ ವಿವರಿಸಿದ ಪುಸ್ತಕ ನಮ್ಮ ಕಡೆ ಬೇರೆ ಬಂದಿಲ್ಲ. ಒಂದೇ ಕೊರತೆ: ತುಳು ಪಾಠ ರೋಮನ್ ಲಿಪಿಯಲ್ಲಿ, ಅನುವಾದ ಇಂಗ್ಲಿಷಿನಲ್ಲಿ. ಮಾಚಾರಿನ ಮನೆಗಳಲ್ಲಿ ಅದನ್ನು ಯಾರು ಓದಬೇಕು? ಎ.ವಿ. ನಾವಡರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ರಾಮಕ್ಕ ಮುಗ್ಗೇರ್ತಿಯವರ ಸಿರಿ ಪಾಡ್ದನ ಆ ದೃಷ್ಟಿಯಿಂದ ಊರಿಗೆ ಹತ್ತಿರದ ಪುಸ್ತಕ. ಹೆಂಗಸಿನ ಬಾಯಲ್ಲಿ ಸಿರಿಯ ಕತೆ ಹೇಗೆ ಹರಿಯುತ್ತದೆಂದು ತಿಳಿಯಬಯಸುವವರು ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಪಾಡ್ದನಕ್ಕೆ ಸಿಕ್ಕ ಅಂತಾರಾಷ್ಟ್ರೀಯ ಮನ್ನಣೆ ತಾಳಮದ್ದಳೆಗೆ ಸಿಗಲಿಲ್ಲ. ಹಾಡನ್ನು ಅನುವಾದಿಸಬಹುದು, ಅರ್ಥಗಾರಿಕೆಯನ್ನು ಅನುವಾದಿಸುವುದು ಯಾರಿಂದ ಸಾಧ್ಯ? ಆದರೆ ಶುದ್ಧ ಮಾತಿನ ಕಲೆಯೆಂದು ಒಂದನ್ನೇ ಹೆಸರಿಸಿ ಅಂದರೆ ಕರಾವಳಿಯವರು ಹೆಸರಿಸುವುದು ಅದನ್ನೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಳೆ ನಿಲ್ಲುತ್ತದೆ, ಕೂತಲ್ಲಿಂದಲೇ ಅರ್ಥಧಾರಿ ಮಾತು ಶುರುಮಾಡುತ್ತಾನೆ. ಕೈಯಲ್ಲಿ ಬರೆದ ಹಾಳೆಯಿಲ್ಲ. ಎದುರಿನವನು ಏನು ಹೇಳುತ್ತಾನೆಂದು ಗೊತ್ತಿಲ್ಲ. ಪೀಠಿಕೆಯಲ್ಲಿ ತನ್ನ ಪಾತ್ರದ ನೆಲೆಯನ್ನು ಭದ್ರಪಡಿಸಿಕೊಳ್ಳಬೇಕು, ಸಂವಾದದಲ್ಲಿ ಎದುರಾಳಿ ಎಸೆದದ್ದನ್ನು ಹಿಡಿದು ತಿರುಗಿಸಬೇಕು, ಹೊತ್ತು ಮೀರುವ ಮುನ್ನ ಭಾಗವತರಿಗೆ ಮುಂದಿನ ಪದಕ್ಕೆ ಎಡೆ ಮಾಡಿಕೊಡಬೇಕು.

ಇದರ ಒಂದು ನಿಯಮ ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ವಾದದಲ್ಲಿ ಯಾರು ಗೆದ್ದರೂ ಕತೆ ಬದಲಾಗಕೂಡದು. ವಾಲಿವಧೆಯಲ್ಲಿ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಬೇಕಾದಂತೆ ಹಿಂಡಬಹುದು, ಉತ್ತರವಿಲ್ಲದಂತೆ ಕೂರಿಸಬಹುದು. ಪ್ರಸಂಗದ ಪದ ಬಂದಾಗ ಅವನು ಸಾಯಲೇಬೇಕು. ಕೃಷ್ಣಸಂಧಾನದಲ್ಲಿ ಕೃಷ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಸಂಧಾನ ಮುರಿಯಲೇಬೇಕು. ಕೊನೆ ಎಲ್ಲರಿಗೂ ಗೊತ್ತಿರುವುದರಿಂದ ಕೇಳುಗನ ಗಮನ ಪೂರ್ತಿ ದಾರಿಯ ಮೇಲೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಕತೆ ಹೇಳುವುದಿಲ್ಲ, ಅವರು ಎತ್ತಿದ ಒಂದೊಂದು ಪ್ರಶ್ನೆಯನ್ನು ಹೇಳುತ್ತಾರೆ. ಹರಿಕಥೆಯಲ್ಲಿ ಪಳಗಿದ ಶೇಣಿಯವರ ತರ್ಕ, ದೇರಾಜೆ ಸೀತಾರಾಮಯ್ಯನವರ ಮೃದುವಾದ ಒಳನೋಟ, ಮಲ್ಪೆ ರಾಮದಾಸ ಸಾಮಗರ ಕಾವ್ಯದ ಓಟ: ಒಬ್ಬೊಬ್ಬರದು ಒಂದೊಂದು ಮತ. ಇವರೆಲ್ಲ ಬಳಸಿದ ಕನ್ನಡ ಇಲ್ಲಿ ಯಾರ ಮನೆಯ ಮಾತೂ ಅಲ್ಲ. ತುಳುವೋ ಹವ್ಯಕವೋ ಆಡುವವರು ತುಂಬು ಗ್ರಾಂಥಿಕ ಕನ್ನಡದಲ್ಲಿ ಗಂಟೆಗಟ್ಟಲೆ ಆಶುವಾಗಿ ಮಾತಾಡಿದರು, ಮನೆಯಲ್ಲಿ ಕನ್ನಡವಾಡದ ಕೃಷಿಕರು ಕೂತು ತಲೆದೂಗಿದರು. ಈ ಸಂಗತಿಯ ಭಾಷಾವೈಜ್ಞಾನಿಕ ಮಹತ್ತ್ವವನ್ನು ವಿಶ್ವವಿದ್ಯಾನಿಲಯ ಇನ್ನೂ ಪೂರ್ತಿ ಕೈಗೆತ್ತಿಕೊಂಡಿಲ್ಲವೆಂದೇ ನನ್ನ ಎಣಿಕೆ.

ಕೈಗೆತ್ತಿಕೊಂಡವರಲ್ಲಿ ಮುಖ್ಯರು ಎಂ. ಪ್ರಭಾಕರ ಜೋಶಿ. ಮಂಗಳೂರಿನ ಬೆಸೆಂಟ್ ಸಂಜೆ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಸ್ವತಃ ಹೆಸರಾಂತ ಅರ್ಥಧಾರಿ. ಅವರ ಪಿಎಚ್.ಡಿ. ವಿಷಯ ಕೃಷ್ಣಸಂಧಾನ: ಅಚ್ಚಾದ ಪ್ರಸಂಗ ಒಂದು ಕಡೆ, ಕೂಟಗಳಲ್ಲಿ ಅದರ ಪ್ರಯೋಗ ಇನ್ನೊಂದು ಕಡೆ. ಪುಸ್ತಕದಲ್ಲಿ ಕೆಲವೇ ಪುಟ ಹಿಡಿಯುವ ಪದಗಳು ಕೂಟದಲ್ಲಿ ಹಲವು ಗಂಟೆಗಳ ಮಾತಾಗುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆ. ಸಂಶೋಧಕನೇ ಕಲಾವಿದನಾದರೆ ನಿಷ್ಪಕ್ಷಪಾತ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಎದುರಿನವನ ಮಾತು ಬಂದು ಬೀಳುವ ಆ ಕ್ಷಣದಲ್ಲಿ ಅರ್ಥಧಾರಿಯ ತಲೆಯಲ್ಲಿ ಏನು ನಡೆಯುತ್ತದೆಂದು ಕೂತು ಬಲ್ಲವನಿಗಲ್ಲದೆ ಬೇರೆಯವರಿಗೆ ತಿಳಿಯುವುದೂ ಕಷ್ಟ. ವಿಶ್ವವಿದ್ಯಾನಿಲಯದಲ್ಲಿ ಈಗ ಯಕ್ಷಗಾನಕ್ಕೆಂದೇ ಅಧ್ಯಯನ ಕೇಂದ್ರವಿದೆ. ವೇಷ ಕಟ್ಟಿ ಆಡುವ ಆಟಕ್ಕೆ ಸಿಗುವ ಗಮನದ ಅರ್ಧದಷ್ಟಾದರೂ ಅಲ್ಲಿ ಕೂಟಕ್ಕೆ ಸಿಗಲಿ.

ಬಿಜೈಗೆ ತಾಗಿದ ಕದ್ರಿಯ ಗುಡ್ಡದ ಮೇಲೆ 1976ರ ಡಿಸೆಂಬರ್ 11ರಂದು ಆಕಾಶವಾಣಿ ಕೇಂದ್ರ ಶುರುವಾದದ್ದೂ ಈ ಚರಿತ್ರೆಯ ಭಾಗವೇ. ರಾತ್ರಿಯಿಡೀ ನಡೆಯುವ ಕೂಟವನ್ನು ರೇಡಿಯೊ ಗಡಿಯಾರಕ್ಕೆ ಒಗ್ಗಿಸಿತು. ಪೀಠಿಕೆ ಮೊಟಕಾಯಿತು, ಉಪಮೆಗಳು ಉದುರಿದವು. ಮಡಿಕೇರಿಯ ತೋಟದಲ್ಲೂ ಕಾಸರಗೋಡಿನ ಹಟ್ಟಿಯಲ್ಲೂ ಒಂದೇ ಹೊತ್ತಿಗೆ ಶೇಣಿಯವರ ದನಿ ಕೇಳಿಸಿತು. ತುಳುವಿಗೂ ಕೊಂಕಣಿಗೂ ಸ್ಟುಡಿಯೊದಲ್ಲಿ ಮರ್ಯಾದೆಯ ಜಾಗ ಸಿಕ್ಕಿತು. ಕೊಣಾಜೆಯ ವಿದ್ಯಾರ್ಥಿಗಳು ಮಾತನ್ನು ಓದುತ್ತಿದ್ದಾಗ ಕದ್ರಿಯಲ್ಲಿ ಅದನ್ನು ಕೆತ್ತಿ ಅಳತೆಗೆ ತರುವ ಕೆಲಸ ನಡೆಯುತ್ತಿತ್ತು.

ಒಂದು ತಕರಾರನ್ನು ಹೇಳದೆ ಮುಂದೆ ಹೋಗಲಾರೆ. ಇಷ್ಟೆಲ್ಲ ಮಾತಿನ ಅಧ್ಯಯನ ನಡೆದ ವಿಭಾಗದಲ್ಲಿ ಪರೀಕ್ಷೆ ಮಾತ್ರ ಬರೆದೇ ಕೊಡಬೇಕು. ಎರಡು ವರ್ಷ ಪಾಡ್ದನ, ಅರ್ಥಗಾರಿಕೆ, ನುಡಿಗಳ ಬಗ್ಗೆ ಓದಿದ ವಿದ್ಯಾರ್ಥಿ ಒಂದು ಸಭೆಯ ಎದುರು ಹದಿನೈದು ನಿಮಿಷ ಕಾಗದ ನೋಡದೆ ಮಾತಾಡಬಲ್ಲನೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲಿ ಸ್ವಲ್ಪ ಮಾತು ಬರುತ್ತದೆ, ಅದೂ ಉಪಚಾರಕ್ಕೆ. ಆ ಹದಿನೇಳು ಅಮೆರಿಕನ್ನರು ಬೇರೆ ಮನೆ ಮಾಡಿದ್ದು ಸುಮ್ಮನೆ ಅಲ್ಲ.

2018ರಲ್ಲಿ ವಿಶ್ವವಿದ್ಯಾನಿಲಯ ತುಳು ಎಂ.ಎ. ಆರಂಭಿಸಿತು. ಕೊಂಕಣಿ ಎಂ.ಎ. ಅದಕ್ಕೂ ಸ್ವಲ್ಪ ಮೊದಲೇ ಬಂದಿತ್ತು. ತುಳು ತರಗತಿಗಳು ಕೊಣಾಜೆಯಲ್ಲಲ್ಲ, ನಗರದ ನಡುವೆ ಹಂಪನಕಟ್ಟೆಯ ಕಾಲೇಜಿನಲ್ಲಿ, ಸಂಜೆಯ ಹೊತ್ತು. 1868ರಲ್ಲಿ ಸರಕಾರಿ ವಿದ್ಯಾಸಂಸ್ಥೆಯಾಗಿ ಶುರುವಾದ ಆ ಅಂಗಳದಲ್ಲಿ ಇಂಗ್ಲಿಷ್ ಕಲಿತು ಹೊರಬಂದ ತಲೆಮಾರುಗಳು ತುಳು ಒಂದು ದಿನ ಇಲ್ಲಿ ಎಂ.ಎ. ವಿಷಯವಾದೀತೆಂದು ಎಣಿಸಿರಲಾರವು. ಹಗಲು ಕೆಲಸ ಮಾಡಿ ಸಂಜೆ ಬೆಂಚಿನ ಮೇಲೆ ಕೂರುವ ವಿದ್ಯಾರ್ಥಿಗಳಿಗೆ ಪಾಠದ ಅರ್ಧ ಸಾಮಗ್ರಿ ಮನೆಯಿಂದಲೇ ಬಂದಿರುತ್ತದೆ. ಅಧ್ಯಾಪಕರಿಗೆ ಅದು ಸುಲಭವೂ ಹೌದು, ಅಗ್ನಿಪರೀಕ್ಷೆಯೂ ಹೌದು.

ಇವರ ಮುಂದಿರುವ ಕೆಲಸ ವಿವೇಕ ರೈಯವರ ಕಾಲದ್ದಲ್ಲ. ಆಗ ಹಾಡುಗಾರರಿದ್ದರು, ಯಂತ್ರ ಅಪರೂಪ. ಈಗ ಎಲ್ಲರ ಕಿಸೆಯಲ್ಲೂ ಯಂತ್ರವಿದೆ, ನೇಜಿ ನೆಡುವ ಗದ್ದೆಗಳೇ ಅಪರೂಪ. ಬಿಜೈಯಲ್ಲಿ 1960ರಿಂದ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯವಿದೆ. ಕರ್ನಲ್ ಮಿರಾಜಕರ್ ತಾಯಿಯ ಹೆಸರಿನಲ್ಲಿ ಬಿಟ್ಟುಕೊಟ್ಟ ಮನೆಯದು. ಅಲ್ಲಿನ ವಿಗ್ರಹಕ್ಕೂ ನಾಣ್ಯಕ್ಕೂ ಹೆಸರಿನ ಚೀಟಿ ಇರುವಂತೆ ದನಿಗಳಿಗೂ ಇರಬೇಕಿತ್ತು. ಅಭಿಮಾನಿಗಳು ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಯೂಟ್ಯೂಬಿಗೆ ಏರಿಸಿದ್ದಾರೆ, ಆ ಪುಣ್ಯಾತ್ಮರಿಗೆ ನಾವು ಋಣಿ. ಆದರೆ ಹಲವುಗಳಲ್ಲಿ ಪ್ರಸಂಗದ ಹೆಸರೂ ಶೇಣಿಯವರ ಹೆಸರೂ ಬಿಟ್ಟರೆ ಬೇರೇನಿಲ್ಲ. ಯಾವ ವರ್ಷದ ಕೂಟ, ಯಾವ ಊರಿನ ಚಪ್ಪರ, ಭಾಗವತರು ಯಾರು, ಎದುರು ರಾಮನಾಗಿ ಕೂತು ಅಷ್ಟು ಹೊತ್ತು ತಾಳಿಕೊಂಡವರು ಯಾರು? ಕೂಟ ಕೇಳಿದ ಹಿರಿಯರು ಇನ್ನೂ ಹಲವು ಮನೆಗಳಲ್ಲಿ ಇದ್ದಾರೆ. ಮುಂದಿನ ಪಿಎಚ್.ಡಿ. ವಿದ್ಯಾರ್ಥಿ ಮೊದಲು ಮೊಬೈಲು ಹಿಡಿದು ಅವರ ಬಳಿ ಹೋಗಿ, ಆ ದನಿಯನ್ನು ಕೇಳಿಸಿ, ಈ ಪ್ರಶ್ನೆಗಳ ಉತ್ತರ ಬರೆದುಕೊಳ್ಳಬೇಕು.